ಹತ್ತೊಂಬತ್ತು ಜಾಗ, ಇಪ್ಪತ್ತೇಳು ಹುಡುಗರು

ಕೂಪರ್ಸ್ ಬೆಂಡ್, ಅಲಬಾಮಾ
ಸೋಮವಾರ, ೨೮ ಜನವರಿ ೨೦೦೮

ಪ್ರೀತಿಯ ಡೆಲೋರಿಸ್ ಅವರಿಗೆ,

ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾನು ನಿಮಗೆ ಗುರುತಿನವಳಲ್ಲ. ಹೆಸರು ಅರ್ಲೀನ್ ಟಾಲಿವರ್. ವೆದರ್ಬಿ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡುವ ರೋಡ್ರಿಕ್ ನನ್ನ ಮಗ, ಮನೆಯಲ್ಲಿ ರಾಡ್ ಅನ್ನುತ್ತೇವೆ. ಎರಡನೇ ವರ್ಷದಲ್ಲಿದ್ದಾನೆ. ನಿಮ್ಮ ಜಮಾರಿಯನ್ನೂ ಅದೇ ಕೆಲಸಕ್ಕೆ ಕರೆಯುತ್ತಿದ್ದಾರೆಂದು ಪೇಪರಿನಲ್ಲಿ ಓದಿದೆ. ಮುಂದಿನ ವಾರ ಬುಧವಾರ ಅವನು ತನ್ನ ಶಾಲೆಯ ಜಿಮ್‌ನಲ್ಲಿ, ಊರೆಲ್ಲ ನೋಡುತ್ತಿರುವಾಗ, ಮೇಜಿನ ಮೇಲಿಟ್ಟ ಬೇರೆ ಬೇರೆ ಕಾಲೇಜುಗಳ ಟೋಪಿಗಳಲ್ಲಿ ಒಂದನ್ನು ತಲೆಗೇರಿಸಿಕೊಂಡು ಕಾಗದಕ್ಕೆ ಸಹಿ ಹಾಕುತ್ತಾನೆ. ಅದಕ್ಕೆ ಮೊದಲು ಈ ಪತ್ರ ನಿಮ್ಮ ಕೈಸೇರಬೇಕು. ಫೋನಿನಲ್ಲಿ ಹೇಳೋಣವೆಂದರೆ ವೆದರ್ಬಿ ಕೋಚ್‌ನ ಕಡೆಯವರು ಹಗಲೂ ರಾತ್ರಿ ಕರೆ ಮಾಡುತ್ತಾ ನಿಮ್ಮ ಫೋನಿಗೆ ಬಿಡುವೇ ಕೊಟ್ಟಿರುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮದಕ್ಕೂ ಕೊಟ್ಟಿರಲಿಲ್ಲ.

ಗುರುವಾರ ಸಂಜೆ ಕೋಚ್ ಬ್ರಾಡಕ್ ನಿಮ್ಮ ಮನೆಗೆ ಊಟಕ್ಕೆ ಬರುತ್ತಾನೆ. ‘ಬರುತ್ತಾರೆ’ ಎಂದು ಬರೆಯಬೇಕು, ಮೊದಲು ಹಾಗೇ ಅನ್ನುತ್ತಿದ್ದೆ. ಈಗ ಕೈ ಬರುವುದಿಲ್ಲ, ಕ್ಷಮಿಸಿ.

ಏನಾಗುತ್ತದೆ ಎಂದು ಈಗಲೇ ಹೇಳುತ್ತೇನೆ. ಬಾಗಿಲಲ್ಲೇ ಟೋಪಿ ತೆಗೆಯುತ್ತಾನೆ. ನಿಮ್ಮ ಯಜಮಾನರನ್ನು ಮರ್ಯಾದೆಯಿಂದ ಮನೆತನದ ಹೆಸರು ಹಿಡಿದು ಮಾತನಾಡಿಸುತ್ತಾನೆ. ನನ್ನ ಗಂಡ ಲೂಷಿಯಸ್ ಕೋಳಿ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಾನೆ. ಒಬ್ಬ ಬಿಳಿಯ ಗಂಡಸು ನಮ್ಮ ಮನೆಯೊಳಗೆ ಕೂತು ಅವನನ್ನು ‘ಟಾಲಿವರ್ ಅವರೇ’ ಎಂದದ್ದು ಅದೇ ಮೊದಲು. ಲೂಷಿಯಸ್ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದ. ನಾನು ಕಂಡೂ ಕಾಣದಂತೆ ಬಡಿಸುತ್ತಿದ್ದೆ. ಆ ಸಂಜೆಗಾಗಿ ಕೋಳಿ ಕರಿದಿದ್ದೆ, ಕೊಲಾರ್ಡ್ ಸೊಪ್ಪು ಬೇಯಿಸಿದ್ದೆ, ಮೆಕ್ಕೆಜೋಳದ ಬ್ರೆಡ್ಡು, ಸಿಹಿಗೆ ಗೆಣಸಿನ ಪೈ ಎಲ್ಲ ಮಾಡಿದ್ದೆ. ಕೋಚ್ ಎರಡನೇ ಸಲ ಪೈ ಹಾಕಿಸಿಕೊಂಡು, ಇಂಥದ್ದನ್ನು ತನ್ನ ಅಜ್ಜಿ ಹೋದ ಮೇಲೆ ತಿಂದೇ ಇಲ್ಲ ಎಂದ.

ನಾನು ಶಾಲೆಯ ಅಡುಗೆಮನೆಯಲ್ಲಿ ದುಡಿಯುವವಳು. ಯಾವ ಮಗು ಹಸಿವಿಗೆ ತಿನ್ನುತ್ತದೆ, ಯಾವುದು ನನ್ನನ್ನು ಮೆಚ್ಚಿಸಲು ತಿನ್ನುತ್ತದೆ ಎಂದು ತಟ್ಟೆ ನೋಡಿದರೆ ಗೊತ್ತಾಗುತ್ತದೆ. ಆ ದಿನ ಮಾತ್ರ ಗೊತ್ತಾಗಲಿಲ್ಲ. ಅವನು ನಮ್ಮಲ್ಲಿಗೆ ಬರುವ ಮುಂಚೆ ಪಕ್ಕದ ಊರಿನಲ್ಲಿ ಇನ್ನೊಬ್ಬ ಹುಡುಗನ ಮನೆಯಲ್ಲಿ ಉಂಡಿದ್ದ. ನಮ್ಮಲ್ಲಿಂದ ಹೋಗಿ ಮತ್ತೊಂದು ಕಡೆ ಉಂಡ. ಅಲ್ಲೂ ಅಜ್ಜಿ ನೆನಪಾಗಿದ್ದಳಂತೆ. ಅಜ್ಜಿಗೆ ಒಂದು ಘಳಿಗೆಯೂ ಬಿಡುವು ಕೊಡಲಿಲ್ಲ ಪಾಪಿ.

ಊಟವಾದ ಮೇಲೆ ಅವನು ನನ್ನ ಕಡೆ ತಿರುಗಿ ಹೇಳಿದ ಮಾತು ನನಗೆ ಬಾಯಿಪಾಠ.

“ಅರ್ಲೀನಮ್ಮಾ, ಇವತ್ತಿಂದ ನಾಲ್ಕು ವರ್ಷ ಇವನು ನನ್ನ ಮಗ. ಓಡ್ಲಿ, ಬಿಡ್ಲಿ, ಡಿಗ್ರಿ ಕೈಯಲ್ಲಿ ಇಟ್ಟೇ ನಿಮ್ಮನೆಗೆ ಕಳಿಸೋದು ನಾನು.”

ನಿಮಗೂ ಇದನ್ನೇ ಹೇಳುತ್ತಾನೆ. ಹೆಸರೊಂದು ಬದಲಾಗುತ್ತದೆ. ನಾವು ಅದನ್ನು ದೇವರ ಮಾತಿನ ಹಾಗೆ ನಂಬಿದೆವು. ಊಟದ ಮೇಜಿನ ಮುಂದೆ ಗಂಡಸು ಆಡಿದ ಮಾತಿಗೆ ನಮ್ಮ ಕಡೆ ಬೆಲೆಯುಂಟು, ನಿಮ್ಮ ಕಡೆಯೂ ಇರಬಹುದು. ಕಾಗದದಲ್ಲಿ ಏನಿದೆ ಎಂದು ನೋಡುವುದು ಉಂಡವನಿಗೆ ಅವಮಾನ ಮಾಡಿದಂತೆ ಎಂದುಕೊಂಡೆವು. ಕಾಗದದಲ್ಲಿ ಇದ್ದದ್ದು ಒಂದೇ ವರ್ಷ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಕೋಚ್ ಮತ್ತೆ ಸಹಿ ಹಾಕಿದರೆ ಮಾತ್ರ ಸ್ಕಾಲರ್‌ಶಿಪ್ ಮುಂದುವರಿಯುತ್ತದೆ. ಹಾಕದಿದ್ದರೆ ಹುಡುಗ ಗಂಟುಮೂಟೆ ಕಟ್ಟಬೇಕು. ಕಾರಣ ಕೇಳುವಂತಿಲ್ಲ.

ಹಳೆಯ ಹುಡುಗರ ತಾಯಂದಿರು ಹೊಸ ಹುಡುಗರ ತಾಯಂದಿರಿಗೆ ಪತ್ರ ಬರೆಯುವ ಪದ್ಧತಿ ವೆದರ್ಬಿಯಲ್ಲಿದೆ. ನನಗೂ ಒಂದು ಬಂದಿತ್ತು, ಥೆಲ್ಮಾ ಕ್ರೌಡರ್ ಎಂಬಾಕೆಯಿಂದ. ನನ್ನ ಮಗನನ್ನು ಇಲ್ಲಿ ಸ್ವಂತ ಮಗನ ಹಾಗೆ ನೋಡಿಕೊಳ್ಳುತ್ತಾರೆ, ಧೈರ್ಯವಾಗಿ ಕಳಿಸಿ ಎಂದು ದುಂಡು ಅಕ್ಷರದಲ್ಲಿ ಬರೆದಿದ್ದಳು. ಅದನ್ನು ಚರ್ಚಿನಲ್ಲಿ ಎಲ್ಲರಿಗೂ ತೋರಿಸಿದ್ದೆ. ಆಗಸ್ಟ್‌ನಲ್ಲಿ ರಾಡ್‌ನನ್ನು ಬಿಡಲು ಹೋದಾಗ ಆಕೆಗೆಂದು ಒಂದು ಪೈ ಮಾಡಿಕೊಂಡು ಹೋದೆ. ಆಕೆಯ ಮಗ ಅಲ್ಲಿರಲಿಲ್ಲ. ಜೂನ್‌ನಲ್ಲೇ ಅವನನ್ನು ಮನೆಗೆ ಕಳಿಸಿದ್ದರು. ಅವನು ಮಲಗುತ್ತಿದ್ದ ಮಂಚವನ್ನೇ ನನ್ನ ಮಗನಿಗೆ ಕೊಟ್ಟರು.

ಅಲ್ಲಿಂದಲೇ ಆಕೆಗೆ ಫೋನ್ ಮಾಡಿ, ಯಾಕಮ್ಮಾ ಹಾಗೆ ಬರೆದೆ ಎಂದು ಕೇಳಿದೆ. “ನಾನು ಬರ್ದಾಗ ಅವನಿನ್ನೂ ಅಲ್ಲೇ ಇದ್ದ ಕಣಮ್ಮ” ಅಂದಳು. ನಾಲ್ಕು ಮಾತು ಚುಚ್ಚಿ ಫೋನ್ ಇಟ್ಟೆ. ಹಾಗಿದ್ದರೂ ಪೈಯನ್ನು ಕೋಚ್‌ನ ಕಚೇರಿಯಲ್ಲಿ ಕೊಟ್ಟು, ಮಗನನ್ನು ಅಲ್ಲೇ ಬಿಟ್ಟು ಬಂದೆ. ಆಕೆಯ ಮಗನಲ್ಲೇ ಏನೋ ಕೊರತೆಯಿದ್ದಿರಬೇಕು ಎಂದು ದಾರಿಯುದ್ದಕ್ಕೂ ಲೂಷಿಯಸ್ ಹೇಳುತ್ತಿದ್ದ. ನಾನು ಹೂಂಗುಟ್ಟುತ್ತಿದ್ದೆ.

ಈ ಸಲದ ಸೀಸನ್ ನಿಮಗೆ ಗೊತ್ತೇ ಇರುತ್ತದೆ. ಸೆಪ್ಟೆಂಬರ್‌ನಲ್ಲಿ ಒಂದೂ ಸೋಲಲಿಲ್ಲ. ರಾಡ್ ಓಡಿದರೆ ಹಿಡಿಯುವವರೇ ಇರಲಿಲ್ಲ. ಪೆಟ್ರೋಲ್ ಬಂಕಿನವನು ನಮ್ಮ ಕಾರಿನ ಗಾಜು ತಾನಾಗಿ ಒರೆಸುತ್ತಿದ್ದ. ಅಕ್ಟೋಬರ್‌ನಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಬರುವ ದೊಡ್ಡ ಪಂದ್ಯ ಇರುತ್ತದಲ್ಲ, ಅವತ್ತು ಅರ್ಧ ಆಟದೊಳಗೆ ಅವನ ಮಂಡಿ ತಿರುಚಿತು. ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಒಳಗೆ ಹೋದ. ಮತ್ತೆ ಬರುವುದಿಲ್ಲ ಎಂದುಕೊಂಡೆ, ಬಂದ. ಒಳಗೆ ಸೂಜಿ ಚುಚ್ಚಿ ನೋವು ಗೊತ್ತಾಗದಂತೆ ಮಾಡಿ, ಬರೀ ಊತ ಎಂದು ಹೇಳಿ ಕಳಿಸಿದ್ದರು. ಕೊನೆಯ ಓಟ ಅವನದೇ. ಪಂದ್ಯ ಗೆದ್ದೆವು. ಜನ ಮೈದಾನಕ್ಕೆ ನುಗ್ಗಿ ಅವನ ಮೇಲೆ ಬಿದ್ದರು. ಎಲ್ಲರೂ ಎದ್ದ ಮೇಲೂ ಅವನು ಏಳಲಿಲ್ಲ. ನನ್ನ ಸುತ್ತ ಕೂತವರೆಲ್ಲ ಕುಣಿಯುತ್ತಿದ್ದರು, ನಾನೊಬ್ಬಳೇ ಅವನ ಕಾಲು ನೋಡುತ್ತಿದ್ದೆ.

ಆಮೇಲೆ ಗೆದ್ದದ್ದು ಒಂದೇ ಪಂದ್ಯ. ನವೆಂಬರ್‌ನಲ್ಲಿ ಮಂಡಿಯ ಆಪರೇಷನ್ ಆಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾಕೆ ಹೇಳಿ, ಕೋಚ್ ಆಸ್ಪತ್ರೆಗೆ ಒಂದು ಬುಟ್ಟಿ ಹಣ್ಣು ಕಳಿಸಿದ, ತಾನು ಬರಲಿಲ್ಲ. ಅವನ ತಲೆಗೇ ಕುತ್ತು ಬಂದಿತ್ತು. ತಂಡಕ್ಕೆ ಕೈಯೆತ್ತಿ ಕೊಡುವ ದೊಡ್ಡ ಮನುಷ್ಯರೆಲ್ಲ ಇವನನ್ನು ತೆಗೆಯಿರಿ ಎನ್ನುತ್ತಿದ್ದರು. ಅದಕ್ಕೆ ಅವನು ಕಂಡುಕೊಂಡ ಮದ್ದು ಹೊಸ ಹುಡುಗರು. ಕಾಲೇಜಿನ ಚರಿತ್ರೆಯಲ್ಲೇ ಇಂಥ ಹುಡುಗರು ಒಟ್ಟಿಗೆ ಬಂದಿಲ್ಲವೆಂದು ಪೇಪರಿನವರು ಬರೆಯುತ್ತಿದ್ದಾರೆ. ಹೋಟೆಲುಗಳಿಗೆ ಕೊಟ್ಟ ಹಾಗೆ ಹುಡುಗರಿಗೂ ನಕ್ಷತ್ರ ಕೊಡುತ್ತಾರೆ. ಜಮಾರಿಗೆ ನಾಲ್ಕಂತೆ, ಸಂತೋಷ. ರಾಡ್‌ಗೆ ಮೂರಿತ್ತು. ಈಗ ಎಷ್ಟು ಎಂದು ಯಾರೂ ಬರೆಯುವುದಿಲ್ಲ.

ಆದರೆ ಡೆಲೋರಿಸ್, ತಂಡದಲ್ಲಿ ಖಾಲಿಯಿರುವುದು ಹತ್ತೊಂಬತ್ತು ಜಾಗ. ಅವನು ಮಾತು ಕೊಟ್ಟಿರುವುದು ಇಪ್ಪತ್ತೇಳು ಹುಡುಗರಿಗೆ. ಹತ್ತೊಂಬತ್ತು ತಟ್ಟೆ ಇಟ್ಟುಕೊಂಡು ಇಪ್ಪತ್ತೇಳು ಮಕ್ಕಳನ್ನು ಕರೆದರೆ ಏನಾಗುತ್ತದೆಂದು ಅಡುಗೆಯವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಹೊಸಬರನ್ನು ಹಿಂದಕ್ಕೆ ಕಳಿಸುವುದಿಲ್ಲ. ಉಣ್ಣುತ್ತಾ ಕೂತಿರುವವರ ಮುಂದಿನ ತಟ್ಟೆ ಎತ್ತುತ್ತಾನೆ. ಅದೂ ಬೆಣ್ಣೆಯಿಂದ ಕೂದಲು ತೆಗೆದಂತೆ, ಪಕ್ಕದವನಿಗೂ ತಿಳಿಯಬಾರದು.

ಕಳೆದ ಶನಿವಾರ ನಮ್ಮಿಬ್ಬರನ್ನು ಕಚೇರಿಗೆ ಕರೆಸಿದ್ದ. ಮೇಜಿನ ಆ ಕಡೆ ಕೂರಲಿಲ್ಲ, ಕುರ್ಚಿ ಎಳೆದುಕೊಂಡು ನಮ್ಮ ಪಕ್ಕ ಕೂತ. ರಾಡ್‌ನ ಮಂಡಿಯ ಬಗ್ಗೆ ತಾನು ಪ್ರಾರ್ಥಿಸುತ್ತಿರುವುದಾಗಿ ಹೇಳಿದ. ಬೇರೆ ಸಣ್ಣ ಕಾಲೇಜೊಂದಕ್ಕೆ ಹೋದರೆ ಅವನಿಗೇ ಒಳ್ಳೆಯದಲ್ಲವೇ ಎಂದ. ನಿರ್ಧಾರ ನಿಮ್ಮದು ಎಂದ. ನಾಲ್ಕು ವರ್ಷ ಎಂದಿದ್ದಿರಲ್ಲ ಎಂದು ನಾನು ಕೇಳಿದರೆ, ನನ್ನನ್ನು ಬಿಟ್ಟು ಲೂಷಿಯಸ್‌ನ ಮುಖ ನೋಡಿದ. “ಟಾಲಿವರ್ ಅವರೇ, ಅಮ್ಮನವ್ರಿಗೆ ಬೇಜಾರಾಗಿದೆ, ನೀವಾದ್ರೂ ಸ್ವಲ್ಪ ಹೇಳಿ” ಎಂದ. ನನ್ನ ಗಂಡ ತಲೆಯಾಡಿಸಿದ. ಎರಡು ವರ್ಷದ ಹಿಂದೆ ಕೊಟ್ಟ ಒಂದು ‘ಅವರೇ’ಗೆ ಇವನು ಇನ್ನೂ ಬಾಗುತ್ತಿದ್ದಾನೆ. ಗಂಡನ ಮೇಲೆ ಬಂದಷ್ಟು ಸಿಟ್ಟು ನನಗೆ ಕೋಚ್‌ನ ಮೇಲೂ ಬರಲಿಲ್ಲ.

ಏಳುವ ಹೊತ್ತಿಗೆ, ಜಮಾರಿ ಇನ್ನೂ ಎರಡು ಮನಸ್ಸಿನಲ್ಲಿದ್ದಾನೆ, ಅವನ ತಾಯಿಗೆ ನೀವೊಂದು ಪತ್ರ ಬರೆದುಕೊಟ್ಟರೆ ಚೆನ್ನಾಗಿರುತ್ತದೆ ಎಂದು ಕೇಳಿದ. ನಿಮ್ಮ ವಿಳಾಸ ನನಗೆ ಸಿಕ್ಕಿದ್ದು ಹಾಗೆ. ನನ್ನ ಕೈಯಿಂದ ಅಂಥ ಕೆಲಸ ಆಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಮುಖಕ್ಕೆ ಹೇಳಿ ಎದ್ದು ಬಂದೆ.

ರಾಡ್ ಕಾರಿನವರೆಗೂ ಕುಂಟುತ್ತಾ ಬಂದಿದ್ದ. ಇಪ್ಪತ್ತು ವರ್ಷದ ಹುಡುಗ, ಕಿಟಕಿಗೆ ಬಗ್ಗಿ ಸಣ್ಣ ಮಗುವಿನ ಹಾಗೆ ಹೇಳಿದ. “ಕೋಚ್ ಹತ್ರ ಜಗಳ ಆಡ್ಬೇಡಮ್ಮ. ಮಂಡಿ ಸರಿ ಹೋಗತ್ತೆ. ನಾನು ಇಲ್ಲೇ ಓದ್ಬೇಕು.” ಅವನಿಗೆ ಚೆಂಡಿಗಿಂತ ಈಗ ಓದು ಹತ್ತಿದೆ. ಶಾಲಾ ಮೇಷ್ಟ್ರಾಗುತ್ತಾನಂತೆ. ಸ್ಕಾಲರ್‌ಶಿಪ್ ಹೋದರೆ ಆ ಮಂಡಿ ಇಟ್ಟುಕೊಂಡು ಅಪ್ಪನ ಪಕ್ಕ ನಿಂತು ಕೋಳಿ ಕತ್ತರಿಸಬೇಕು. ಫ್ಯಾಕ್ಟರಿಯಲ್ಲಿ ಕೂತು ಮಾಡುವ ಕೆಲಸ ಇಲ್ಲ. ನಮ್ಮ ಮನೆಯಲ್ಲಿ ಈಗ ಇದೊಂದೇ ಚಿಂತೆ, ಬೇರೇನೂ ಇಲ್ಲ.

ನಿಮಗೆ ನಾನು ಹೇಳುವುದಿಷ್ಟೆ. ಗುರುವಾರ ಬಂದಾಗ ಚೆನ್ನಾಗಿ ಬಡಿಸಿ, ಮನೆಗೆ ಬಂದವನು ಉಪವಾಸ ಹೋಗಬಾರದು. ಆದರೆ ಪೈ ಕೊಡುವುದಕ್ಕೆ ಮುಂಚೆ, ನಾಲ್ಕು ವರ್ಷ ಎಂದು ಕಾಗದದಲ್ಲಿ ಎಲ್ಲಿ ಬರೆದಿದೆ ತೋರಿಸಿ ಎನ್ನಿ. ಅವನು ನಿಮ್ಮ ಅಡುಗೆ ಹೊಗಳಲು ಶುರುಮಾಡುತ್ತಾನೆ. ಮತ್ತೆ ಕೇಳಿ. ಇಷ್ಟು ಹುಡುಗರನ್ನು ಕರೆದಿದ್ದೀರಲ್ಲ, ಯಾರ ಮಗನನ್ನು ಎಬ್ಬಿಸಿ ನನ್ನ ಮಗನನ್ನು ಕೂರಿಸುತ್ತೀರಿ ಎಂದೂ ಕೇಳಿ. ಅವನು ನಿಮ್ಮ ಯಜಮಾನರ ಕಡೆ ತಿರುಗಿದರೆ ಮೇಜಿನ ಕೆಳಗೆ ಅವರ ಕಾಲು ತುಳಿಯಿರಿ. ಉಂಡ ಮನೆಗೆ ಎರಡು ಬಗೆಯುವವನನ್ನು ನಾನು ಉಣ್ಣಿಸಿ ನೋಡಿದ್ದೇನೆ, ನೀವು ಉಣ್ಣಿಸುವ ಮುಂಚೆ ತಿಳಿದಿರಲಿ.

ಜಮಾರಿ ಒಳ್ಳೆಯ ಹುಡುಗನೆಂದು ರಾಡ್ ಹೇಳುತ್ತಾನೆ. ಕಾಲೇಜು ನೋಡಲು ಬಂದಿದ್ದಾಗ ಜಮಾರಿಯೇ ರಾಡ್‌ನ ಊಟದ ತಟ್ಟೆ ಹಿಡಿದುಕೊಂಡು ಬಂದನಂತೆ, ಇವನ ಕೈಯಲ್ಲಿ ಊರುಗೋಲು ಇದೆಯೆಂದು. ಅಂಥ ಮಗನನ್ನು ಬೆಳೆಸಿದವರಿಗೆ ಸುಳ್ಳು ಹೇಳುವುದು ನನ್ನಿಂದಾಗದು. ದೇವರು ನಿಮ್ಮ ಮಗನ ಎರಡೂ ಕಾಲುಗಳನ್ನು ಕಾಯಲಿ.

ನಿಮ್ಮ ಹಾಗೆಯೇ ಒಬ್ಬ ಹುಡುಗನ ತಾಯಿ,
ಅರ್ಲೀನ್ ಟಾಲಿವರ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಒಂದು ಮಾತು ಸುಳ್ಳಿದೆ. ಕೋಚ್‌ಗೆ ನಾನು ಆಗುವುದಿಲ್ಲ ಎನ್ನಲಿಲ್ಲ. ಶನಿವಾರ ಅವನ ಮೇಜಿನ ಮುಂದೆಯೇ ಕೂತು, ಅವನ ಪೆನ್ನಿನಿಂದ, ಕಾಲೇಜಿನ ಮುದ್ರೆಯಿರುವ ಕಾಗದದ ಮೇಲೆ ನಿಮಗೊಂದು ಪತ್ರ ಬರೆದುಕೊಟ್ಟೆ. ಅವನು ಓದಿ, ಹುಡುಗರ ಊಟದ ಬಗ್ಗೆಯೂ ಒಂದು ಸಾಲು ಇರಲಿ ಎಂದ. ಅದನ್ನೂ ಸೇರಿಸಿದೆ. ಈ ವಾರದಲ್ಲೇ ಅದು ನಿಮಗೆ ತಲುಪುತ್ತದೆ. ಜಮಾರಿ ಸಹಿ ಹಾಕಿದರೆ ರಾಡ್‌ನ ಕಾಗದಕ್ಕೂ ಬೇಸಿಗೆಯಲ್ಲಿ ಸಹಿ ಹಾಕುತ್ತೇನೆಂದು ಕೋಚ್ ಮಾತು ಕೊಟ್ಟಿದ್ದಾನೆ. ಅವನ ಮಾತು ಎಂಥದೆಂದು ನಿಮಗೆ ಇಷ್ಟುದ್ದ ಬರೆದವಳು ನಾನೇ. ಆದರೂ ನಂಬಿದ್ದೇನೆ. ನಂಬದೆ ಏನು ಮಾಡಲಿ ಡೆಲೋರಿಸ್, ನನಗೆ ಬೇರೆ ಯಾರೂ ಮಾತು ಕೊಟ್ಟಿಲ್ಲ.