ಗುಬ್ಬಿಗೆಂದು ಬೀಸಿದ ಕಲ್ಲು

ಗಬ್ಬೂರಿನ ಅಪ್ಪನಿಗೆ, ರಾಜಸ್ಥಾನದ ಮರಳಿನೊಳಗಿಂದ ಮಗಳು ಮಲ್ಲೇಶ್ವರಿಯ ನಮಸ್ಕಾರ.

ನಮ್ಮ ಕಾಲೇಜಿನವರು ಇಲ್ಲಿ ಅಗೆಯುತ್ತಿರುವುದು ಸಾವಿರಾರು ವರ್ಷ ಹಿಂದಿನ ರೈತರ ಊರು. ಕಾಳು ತುಂಬುವ ಹಗೇವು ಸಿಕ್ಕಿತು, ಬೀಸುವ ಕಲ್ಲು ಸಿಕ್ಕಿತು. ಅವೆಲ್ಲಕ್ಕಿಂತ ಹೆಚ್ಚಾಗಿ ಕಲ್ಲಿನ ಬಾಣದ ಮೊನೆಗಳು ಸಿಕ್ಕಿವೆ. ಉಗುರಿನಷ್ಟೇ ಚಿಕ್ಕವು, ಈಗಲೂ ಬೆರಳು ಕೊಯ್ಯುತ್ತವೆ. ಬೇಟೆಗೆ ಇರಬೇಕೆಂದುಕೊಂಡೆವು. ಆದರೆ ಜಿಂಕೆಯ ಮೂಳೆ ಒಂದೂ ಇಲ್ಲ, ಮುರಿದ ಮೊನೆಗಳೆಲ್ಲ ಎರಡು ಹೊಲಗಳ ನಡುವಿನ ಬದುವಿನ ಗುಂಟ ಬಿದ್ದಿವೆ.

"ರೈತರು ಯಾರ ಮೇಲೆ ಬಾಣ ಬಿಟ್ಟಿರಬಹುದು?" ಎಂದು ನಮ್ಮ ಸರ್ ಕೇಳಿದರು. "ಗುಬ್ಬಿಗಿರಬೇಕ್ರೀ ಸರ್" ಅಂದೆ. ಎಲ್ಲರೂ ನಕ್ಕರು. ನನಗೆ ನಿನ್ನ ನೆನಪಾಗಿತ್ತು. ಜೋಳ ತೆನೆ ಹಿಡಿದಾಗ ಅಟ್ಟಣಿಗೆ ಹತ್ತಿ ಕವಣೆ ಬೀಸುತ್ತಾ "ಗುಬ್ಬಿ ಹೊಡ್ಯಾಕತ್ತೀನಿ ಬೇ" ಅನ್ನುತ್ತೀ. ಕಲ್ಲು ಮಾತ್ರ ತಪ್ಪದೆ ಬದುವಿನಾಚೆ ಚಿಕ್ಕಪ್ಪನ ಹೊಲಕ್ಕೇ ಬೀಳುತ್ತದೆ. ಚಿಕ್ಕಪ್ಪನೂ ಆ ಕಡೆಯಿಂದ ಗುಬ್ಬಿಯನ್ನೇ ಹೊಡೆಯುತ್ತಾನೆ. ಹೋದ ಸುಗ್ಗಿಯಲ್ಲಿ ನಿನ್ನ ಕಿವಿ ಸ್ವಲ್ಪದರಲ್ಲಿ ಉಳಿಯಿತು. ಗುಬ್ಬಿಗಳು ಎರಡೂ ಹೊಲಗಳಲ್ಲಿ ಆರಾಮಾಗಿ ತಿಂದುಕೊಂಡಿವೆ.

ತುಟಿ ಒಡೆದದ್ದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಶೇಂಗಾ ಹಿಂಡಿ ಮುಗಿದಿದೆ, ಅವ್ವನಿಗೆ ಹೇಳು. ಅಂಚೆಯವನು ಈ ಕಾರ್ಡನ್ನು ಮೊದಲು ಚಿಕ್ಕಪ್ಪನ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಾನೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇಬ್ಬರಿಗೂ ತಿಳಿದಿರಲಿ: ಮೊನೆಗಳು ಇನ್ನೂ ಹರಿತವಾಗಿವೆ. ಬದುವಿನ ಯಾವ ಕಡೆ ಯಾರದಿತ್ತು ಎಂಬುದನ್ನು ಮಾತ್ರ ಇಲ್ಲಿ ಯಾರಿಂದಲೂ ಹೇಳಲಾಗುತ್ತಿಲ್ಲ.