ಪುಲೆಂಗಳ ಕೊರಳಿನ ನೀಲಿ ಬಿಲ್ಲೆ

ಸೊವೆಟೊ,
ಜೂನ್ ೧೪, ಗುರುವಾರ

ಪ್ರೀತಿಯ ಮಗ ಮೊತ್ಲಾತ್ಸಿಗೆ,

ನಿನ್ನ ಅಮ್ಮನ ಆಶೀರ್ವಾದ. ಬರೆಯಲು ತಡವಾಯಿತು, ಬೈಯಬೇಡ. ಬೈಯಲಿಕ್ಕಾದರೂ ನೀನು ಫೋನ್ ಎತ್ತಬೇಕಲ್ಲ! ಗಣಿಯ ಕಡೆಗೆ ಟ್ಯಾಕ್ಸಿ ಓಡಿಸುವ ಸೆಲ್ಲೊ ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆಂದಿದ್ದಾನೆ.

ಇಲ್ಲಿ ಚಳಿ ಮೂಳೆಗಿಳಿದಿದೆ. ನನ್ನ ಮಂಡಿ ನಿನ್ನ ಹಾಗೆಯೇ, ಹೇಳಿದ ಮಾತು ಕೇಳುವುದಿಲ್ಲ. ನಿನ್ನ ಹೆಂಡತಿ ಸೇಯಿಪಾತಿ ಜೋಳದ ಮುದ್ದೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾಳೆ. ಸಂಜೆಯಾದರೆ ಮಾತ್ರ ಅವಳ ಮುಖಕ್ಕೆ ಕಳೆ ಬರುತ್ತದೆ. ನನಗೆ ಹೆದರಿಕೆ ಹುಟ್ಟಿಸಿರುವುದು ಆ ಕಳೆಯೇ.

ನಿನ್ನ ಮಗಳು ಪುಲೆಂಗಳನ್ನು ಮಣ್ಣು ಮಾಡಿದ ದಿನ ನೆನಪಿದೆಯಲ್ಲ. ಸ್ಮಶಾನದಿಂದ ಬಂದವರು ಕೈ ತೊಳೆಯದೆ ಒಳಗೆ ಕಾಲಿಡುವ ಹಾಗಿಲ್ಲ ಎಂದು ಗೇಟಿನ ಬಳಿ ಬೋಗುಣಿ ಇಟ್ಟು ಲೋಳೆಸರದ ಚೂರು ಹಾಕಿದ್ದೆ. ನಲ್ಲಿ ತಿರುಗಿಸಿದರೆ ಎರಡು ಸಲ ಕೆಮ್ಮಿ ನಿಂತಿತು. ಮುಂಗಡ ದುಡ್ಡು ಕಟ್ಟಿ ಮೀಟರಿಗೆ ತುಂಬಿಸಿದ್ದ ನೀರನ್ನೆಲ್ಲ ಅಡುಗೆಯವರು ಮುಗಿಸಿದ್ದರು.

"ಬಿಲ್ಲೆ ತಗೊಂಡು ಅಂಗಡಿಗೆ ಓಡ್ರೇ, ದುಡ್ಡು ತುಂಬಿಸ್ಕೊಂಡ್ ಬನ್ನಿ!" ಎಂದು ಪಕ್ಕದ ಮನೆಯ ದಿಪುವೊ ಕೂಗಿದಳು.

ನಾವು ಮುಖ ಮುಖ ನೋಡಿಕೊಂಡೆವು. ಮೀಟರು ತೆರೆಯುವ ಆ ನೀಲಿ ಪ್ಲಾಸ್ಟಿಕ್ ಬಿಲ್ಲೆ ಯಾವಾಗಲೂ ಮಗುವಿನ ಕೊರಳಲ್ಲೇ. ಸಂಜೆ ಅದನ್ನು ಮೀಟರಿಗೆ ಮುಟ್ಟಿಸಿ ನೀರು ಬಿಡುವ ಅಧಿಕಾರ ಅವಳದು. ಬೇರೆಯವರು ಮುಟ್ಟಿದರೆ ರಂಪ. ಪೆಟ್ಟಿಗೆಯೊಳಗೆ ಅವಳ ಕಂಬಳಿ, ಬಟ್ಟಲು ಇಡುವಾಗ, "ಅವಳದ್ದು ಅವಳ ಜೊತೇಲೇ ಹೋಗ್ಲಿ" ಎಂದು ನೀನೇ ಅದನ್ನು ಕೊರಳಿಗೆ ಹಾಕಿದೆ. ನಾವೂ ತಲೆಯಾಡಿಸಿದೆವು. ಆ ಹೊತ್ತಿನಲ್ಲಿ ನೀರಿನ ಯೋಚನೆ ಯಾರಿಗಿತ್ತು? ದಿಪುವೊ ತನ್ನ ಮನೆಯಿಂದ ಬಕೆಟ್ ತರುವಷ್ಟರಲ್ಲಿ ನೀನು ಮಣ್ಣಿನ ಕೈಯಲ್ಲೇ ಟ್ಯಾಕ್ಸಿ ಹತ್ತಿದ್ದೆ.

ಆಮೇಲೆ ನಾವು ದಿಪುವೊ ಮನೆಯ ನೀರಿನಲ್ಲೇ ದಿನ ದೂಡಿದೆವು. ಒಂದು ಸಂಜೆ ಗೇಟಿನ ಮೀಟರು ಟಿಕ್ ಎಂದಿತು. ನಲ್ಲಿಯಿಂದ ಬೋಗುಣಿಗೆ ನೀರು ಬಿತ್ತು, ಅಂಚಿಗೆ ಬಂದದ್ದೇ ನಿಂತಿತು. ಕೆಳಗೆ ಒಂದು ಹನಿ ಚೆಲ್ಲಿರಲಿಲ್ಲ. ಚೆಲ್ಲಬಾರದೆಂದು ಅವಳಿಗೆ ಗದರಿ ಕಲಿಸಿದವಳು ನಾನೇ, ಮಗನೇ. ಅಂದಿನಿಂದ ಪ್ರತಿ ಸಂಜೆಯೂ ಹೀಗೇ.

ನೀರಿನ ಕಚೇರಿಯವನನ್ನು ಕರೆಸಿದೆ. ಮುಚ್ಚಳ ತೆಗೆದು ನೋಡಿ, "ಲೀಕ್ ಇಲ್ಲಜ್ಜಿ. ಯಾರೋ ಬಿಲ್ಲೆ ಮುಟ್ಟಿಸ್ತಿದಾರೆ, ನಿಮ್ಮನೇದೇ" ಎಂದ. ನಾನು ಸ್ಮಶಾನಕ್ಕೆ ಹೋಗಿ ನೋಡಿಬಂದೆ. ಮಣ್ಣು ಇಟ್ಟಂತೆಯೇ ಇದೆ, ಅದರ ಮೇಲೆ ಇಬ್ಬನಿ ಗಟ್ಟಿಯಾಗಿತ್ತು.

ನಾಳೆ ಆ ಕಚೇರಿಯವನು ಹೊಸ ಬಿಲ್ಲೆ ತರುತ್ತಾನೆ. ಅದನ್ನು ಮೀಟರಿಗೆ ಜೋಡಿಸಿದರೆ ಹಳೆಯದು ಸತ್ತ ಹಾಗೆ. ಸೇಯಿಪಾತಿ ನನ್ನ ಕಾಲು ಹಿಡಿದಳು: "ಬೇಡತ್ತೆ. ಹಳೇದು ಹೋದ್ರೆ ಅವಳು ಹೆಂಗೆ ಬರ್ತಾಳೆ?"

ದಿಪುವೊ ಅಂತೂ ಮುಖಕ್ಕೆ ಹೊಡೆದ ಹಾಗೆ ಹೇಳಿದಳು: "ಸತ್ತೋರು ದಿನಾ ಬಾಗಿಲಿಗೆ ಬಂದ್ರೆ, ಒಂದಿನ ಕೈ ಹಿಡ್ಕೊಂಡೇ ಹೋಗೋದು. ಮೊದಲು ನಿನ್ನ ಸೊಸೇನ ನೋಡ್ಕೊ."

ನೋಡುತ್ತಲೇ ಇದ್ದೇನೆ. ಸೇಯಿಪಾತಿ ಕೂರುವ ಮಣೆ ದಿನಕ್ಕಿಷ್ಟು ಗೇಟಿನತ್ತ ಸರಿಯುತ್ತಿದೆ. ನಿನ್ನೆ ಅವಳ ಲಂಗದ ಅಂಚೆಲ್ಲ ಒದ್ದೆ, ಯಾರೋ ಸಣ್ಣ ಕೈಯಲ್ಲಿ ಹಿಡಿದು ಜಗ್ಗಿದಂತೆ ಮುದುಡಿತ್ತು. ಹೋದವಳು ಹೋದಳು, ಇರುವವಳನ್ನೂ ಕಳೆದುಕೊಳ್ಳಲಾರೆ. ಹೊಸ ಬಿಲ್ಲೆಗೆ ಹೂಂ ಎಂದಿದ್ದೇನೆ. ನೀನು ಬಂದು ನಿನ್ನ ಮನೆಯ ನೀರಿನಲ್ಲಿ ಕೈ ತೊಳೆ, ಹೆಂಡತಿಯ ಪಕ್ಕ ಕೂರು.

ನೆಲದಡಿಗೆ ಇಳಿಯುವಾಗ ಹಿರಿಯರು ನಿನ್ನ ನೆತ್ತಿ ಕಾಯಲಿ. ಬಿಸಿಯಾಗಿ ಉಣ್ಣು.

ಇಂತಿ,
ನಿನ್ನ ಅಮ್ಮ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಇವತ್ತು ಶುಕ್ರವಾರ. ಬೆಳಿಗ್ಗೆ ಹೊಸ ಬಿಲ್ಲೆ ಜೋಡಿಸಿದರು. ಸಂಜೆ ಮೀಟರು ಟಿಕ್ ಎನ್ನಲಿಲ್ಲ. ಅಬ್ಬಾ ಎಂದುಕೊಂಡೆ. ಅಷ್ಟರಲ್ಲಿ ಮೀಟರಿಗೆ ಪ್ಲಾಸ್ಟಿಕ್ ತಾಗಿಸುವ ಸದ್ದು ಬಂತು, ಮತ್ತೆ ಮತ್ತೆ ಬಂತು. ಆಮೇಲೆ ಗೇಟಿನಿಂದ ಅವಳದೇ ದನಿ: "ಅಜ್ಜೀ, ನನ್ ಬಿಲ್ಲೆ ಆಗ್ತಿಲ್ಲ. ಅಪ್ಪ ಇನ್ನೂ ಕೈ ತೊಳ್ದಿಲ್ಲ, ನೀರು ಬಿಡಜ್ಜೀ."

ಸೇಯಿಪಾತಿ ಬಾಗಿಲಿಗೆ ಓಡಿದಳು. ನಾನು ಅವಳನ್ನು ಅಪ್ಪಿ ಹಿಡಿದು ನೆಲಕ್ಕೆ ಕೂರಿಸಿದೆ, ಬಾಗಿಲು ತೆರೆಯಲು ಬಿಡಲಿಲ್ಲ. ನಮ್ಮ ಮಗು ಹೊರಗೆ ಚಳಿಯಲ್ಲಿ ಅತ್ತು ಅತ್ತು ಸುಮ್ಮನಾಯಿತು. ಹೊಸ ಬಿಲ್ಲೆ ನನ್ನ ಕೊರಳಲ್ಲೇ ಇತ್ತು, ಮಗನೇ.