ಬಿದ್ದವಳು ನೀನು, ಎದ್ದವನು ಅವನು

ಮನೆಯಿಂದ,
ಸೋಮವಾರ ಬೆಳಿಗ್ಗೆ

ಪ್ರೀತಿಯ ಗಿರಿಗಿಟ್ಲೆ,

ಕಾಲು ಹೇಗಿದೆ? ಊರುಗೋಲು ಎರಡರಿಂದ ಒಂದಕ್ಕೆ ಇಳಿದಿದೆ ಎಂದು ನಿನ್ನ ಸೋದರತ್ತೆ ಫೋನಿನಲ್ಲಿ ಹೇಳಿದಳು. ವ್ಯಾಯಾಮ ಮಾಡಿಸುವವಳಿಗೆ ದಿನಾ ಬೈಯುತ್ತೀಯಂತೆ. ಬೈ, ಆದರೆ ಅವಳು ಹೇಳಿದಷ್ಟು ಮಾಡು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಪ್ಪ ನಿನ್ನ ಕೋಣೆಯ ಫ್ಯಾನು ರಿಪೇರಿ ಮಾಡುತ್ತೇನೆಂದು ಸ್ಟೂಲು ಹತ್ತಿದ. ಈಗ ಫ್ಯಾನಿನ ಜೊತೆ ದೀಪವೂ ಕೆಟ್ಟಿದೆ.

ನೀನು ನೋಡುವುದೇ ಇಲ್ಲ ಎಂದು ಹಟ ಹಿಡಿದ ಆ ಸಿನಿಮಾವನ್ನು ನಾನು ನೋಡಿಬಂದೆ. ಸೈಕಲ್ ಮೇಲೆ ಪಾರ್ಸೆಲ್ ಹಂಚುವ ಹುಡುಗ, ಅವನ ಚೀಲದಲ್ಲಿ ಕಳ್ಳರಿಗೆ ಬೇಕಾದ ಪೊಟ್ಟಣ, ಊರ ತುಂಬಾ ಅಟ್ಟಾಡಿಸುವುದು. ಮೊದಲ ಹತ್ತು ನಿಮಿಷದಲ್ಲೇ ಅದನ್ನು ಪೊಲೀಸರ ಕೈಗೆ ಕೊಟ್ಟಿದ್ದರೆ ಎಲ್ಲರೂ ಬೇಗ ಮನೆ ಸೇರಬಹುದಿತ್ತು. ಆದರೆ ಓಡಿಸುವುದಿದೆಯಲ್ಲ, ಅದು ನೋಡುವಂಥದ್ದು. ಬಸ್ಸುಗಳ ನಡುವೆ ನುಗ್ಗುವುದು, ಮಾರುಕಟ್ಟೆಯ ಓಣಿಯಲ್ಲಿ ಮೈ ಒಲೆದು ತಿರುಗುವುದು, ಎಲ್ಲಾ ನಾಯಕನ ಬಟ್ಟೆ ತೊಟ್ಟ ನೀನೇ. ಮುಖ ಬಂದಾಗ ಮಾತ್ರ ಅವನು. ಆ ಮಹಾಶಯ ಪತ್ರಿಕೆಯಲ್ಲಿ ಹೇಳಿದ್ದಾನೆ, "ಒಂದೊಂದು ತಿರುವೂ ನಾನೇ ತುಳಿದದ್ದು." ಆ ಪುಟವನ್ನು ಕತ್ತರಿಸಿ ಇಟ್ಟಿದ್ದೇನೆ. ಕೊನೆಯಲ್ಲಿ ಹೆಸರುಗಳು ಓಡಿದಾಗ ಕನ್ನಡಕ ಒರೆಸಿಕೊಂಡು ಓದಿದೆ. ನಾಯಿ ಪಳಗಿಸಿದವನ ಹೆಸರಿತ್ತು, ನಾಯಿಯ ಹೆಸರೂ ಇತ್ತು. ನಿನ್ನದಿಲ್ಲ.

ಅಷ್ಟೇ ಆಗಿದ್ದರೆ ಪತ್ರಿಕೆಗೊಂದು ಕಾಗದ ಬರೆದು ಸುಮ್ಮನಾಗುತ್ತಿದ್ದೆನೇನೋ. ಆದರೆ ಆ ಮೆಟ್ಟಿಲುಗಳ ದೃಶ್ಯ ಬಂತು. ಬ್ರೇಕು ಸಡಿಲವಾಗಿದೆ ಎಂದು ನೀನು ಹೇಳಿದ ಮೇಲೂ ನಿರ್ದೇಶಕ "ಇನ್ನೊಂದೇ ಒಂದು ಸಲ ತಂಗಿ" ಎಂದು ಇಳಿಸಿದನಲ್ಲ, ಅದೇ ದೃಶ್ಯ. ನಿನ್ನ ಕಾಲು ಮುರಿದದ್ದನ್ನು ಹಾಗೇ ಉಳಿಸಿಕೊಂಡಿದ್ದಾರೆ ಮಗಾ. ಬೀಳುವವಳು ನೀನು, ಧೂಳು ಕೊಡವಿಕೊಂಡು ಏಳುವವನು ಅವನು. ಜನ ಶಿಳ್ಳೆ ಹಾಕಿದರು. ಅಷ್ಟು ವರ್ಷ ಮಕ್ಕಳಿಗೆ ಇತಿಹಾಸ ಪಾಠ ಹೇಳಿದ್ದೇನೆ; ಒಬ್ಬರು ಯುದ್ಧ ಮಾಡಿ ಇನ್ನೊಬ್ಬರ ಹೆಸರು ಕಲ್ಲಿನ ಮೇಲೆ ಬರುವುದು ನನಗೆ ಹೊಸದಲ್ಲ. ನನ್ನ ಮನೆಯಲ್ಲಿ ಆದದ್ದು ಹೊಸದು.

ನನ್ನನ್ನು ಕರೆದುಕೊಂಡು ಹೋಗಿದ್ದವನು ನಿನ್ನ ಜೊತೆ ಪಾರ್ಸೆಲ್ ಹಂಚುತ್ತಿದ್ದ ಉದ್ದಣ್ಣ. ಸೈಕಲ್ ನಿಲ್ಲಿಸಿದಲ್ಲೆಲ್ಲ ಗಂಟೆ ಕದಿಯುತ್ತಾರೆಂದು ನೀವೆಲ್ಲ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತೀರಲ್ಲ, ಅವನ ಜೇಬಿನಲ್ಲೂ ಇತ್ತು. ಪರದೆಯ ಮೇಲೆ ನಿನ್ನ ಬೆನ್ನು ಕಂಡದ್ದೇ ತಡ, ದಾರಿಯಲ್ಲಿ ಎದುರಾದವರಿಗೆ ಬಾರಿಸುವ ಹಾಗೆ ಟ್ರಿಣ್ ಟ್ರಿಣ್ ಎಂದು ಬಾರಿಸಿಬಿಟ್ಟ. ಸುತ್ತಲಿನವರು ಬೈದರು. "ಅಭ್ಯಾಸ ಬಲ ಅಜ್ಜಿ, ಕೈ ತಡೀಲಿಲ್ಲ" ಎಂದು ಪಾಪ ಕುಗ್ಗಿಹೋದ. ನಾನು ಬೈಯಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಶುರುವಾಗಿತ್ತು.

ನಿನ್ನೆ ಅದೇ ಟಾಕೀಸಿಗೆ ನಾಯಕ, ನಿರ್ದೇಶಕ ಇಬ್ಬರೂ ಬಂದಿದ್ದರು, ಜನರ ಜೊತೆ ಕೂತು ನೋಡಲು. ಹಿಂದಿನ ಸಾಲುಗಳ ತುಂಬ ನಿಮ್ಮ ಪಾರ್ಸೆಲ್ಲಿನವರು, ನಡುವೆ ನಾನು. ನೀನು ಕಂಡಾಗಲೆಲ್ಲ ಗಂಟೆ. ಅವನ ಮುಖ ಬಂದರೆ ಪೂರಾ ಮೌನ. "ಯಾರಿಗ್ರೀ ಇದು?" ಎಂದು ಮುಂದಿನ ಸಾಲಿನ ಹೆಂಗಸು ಕೇಳಿದಳು. "ಓಡಿಸ್ತಿರೋಳಿಗಮ್ಮ" ಎಂದ ಉದ್ದಣ್ಣ. "ಓಡಿಸ್ತಿರೋನು ಅಲ್ವಾ?" "ಅವನು ಬರೀ ಬೆವರೋನು." ಆ ಮಾತು ಸಾಲಿಂದ ಸಾಲಿಗೆ ಹೋಯಿತು ನೋಡು. ಮಧ್ಯಂತರದ ಹೊತ್ತಿಗೆ ಮಕ್ಕಳೇ "ಅವಳು, ಅವಳು, ಈಗ ಇವನು" ಎಂದು ಎಣಿಸುತ್ತಿದ್ದರು. ಆಮೇಲಾಮೇಲೆ ಅವನ ಮುಖ ಬಂದರೆ ನಗು.

ಮೆಟ್ಟಿಲ ದೃಶ್ಯಕ್ಕೆ ಯಾರೂ ಬಾರಿಸಲಿಲ್ಲ. ನಾನು ಎದ್ದು ನಿಂತು, ತರಗತಿಯ ದನಿಯಲ್ಲಿ, "ಈಗ ಮುರಿದದ್ದು ನನ್ನ ಮೊಮ್ಮಗಳ ಕಾಲು" ಎಂದೆ. ಶಿಳ್ಳೆ ಹಾಕಲು ಬೆರಳಿಟ್ಟವರು ಹಾಗೇ ಇಳಿಸಿದರು. ನಿರ್ದೇಶಕ ತಿರುಗಿ ನೋಡಿದ. ನಾನೂ ನೋಡಿದೆ, ಅವನೇ ಮೊದಲು ಕಣ್ಣು ತಪ್ಪಿಸುವ ತನಕ. ನಿಮ್ಮಮ್ಮ ರಾತ್ರಿಯಿಂದ "ಸಾಕು ಬಿಡಿ ಅತ್ತೆ, ಈ ವಯಸ್ಸಲ್ಲಿ ಕ್ಷಮಿಸಿದ್ರೆ ಶೋಭೆ" ಎನ್ನುತ್ತಿದ್ದಾಳೆ. ಶೋಭೆ ಬೇಕಾದವರು ಇಟ್ಟುಕೊಳ್ಳಲಿ. ನನಗೆ ಬಹಳ ದಿನದ ಮೇಲೆ ಒಳ್ಳೆಯ ನಿದ್ದೆ ಬಂತು.

ಅತ್ತೆಗೆ, ಮಾವನಿಗೆ ನನ್ನ ನೆನಪು ತಿಳಿಸು. ಬೇಗ ನೆಟ್ಟಗೆ ನಡೆ, ಆಮೇಲೆ ಯಾರ ಕೈಗೂ ಸಿಗದ ಹಾಗೆ ಓಡು, ಇದೇ ನನ್ನ ಆಶೀರ್ವಾದ.

ನಿನ್ನ
ಅಜ್ಜಿ

ತಾ.ಕ.: ಲಕೋಟೆ ಅಂಟಿಸುವಾಗ ನಿರ್ದೇಶಕನ ಫೋನು ಬಂತು. ಶುಕ್ರವಾರ ಅವರೆಲ್ಲ ನೀನಿರುವ ಊರಿಗೆ ಬರುತ್ತಾರಂತೆ. ನಿನ್ನನ್ನು ವೇದಿಕೆಗೆ ಕರೆದು, ನಾಯಕನ ಕೈಯಿಂದ ಹಾರ ಹಾಕಿಸಿ, "ಈ ಹುಡುಗಿಯೂ ನಮಗೆ ನೆರವಾದಳು" ಎನ್ನುತ್ತಾರಂತೆ. ನಾವು ಗಂಟೆ ನಿಲ್ಲಿಸಬೇಕಂತೆ. ಒಪ್ಪಿದೆ. ನೀನು ಹೋಗು. ಹಾರ ಹಾಕಿಸಿಕೋ. ಮೈಕು ಕೈಗೆ ಬಂದಾಗ ಥ್ಯಾಂಕ್ಸ್ ಹೇಳಬೇಡ. ಉದ್ದಣ್ಣನ ಗೆಳೆಯನೊಬ್ಬ ವೇದಿಕೆಯ ಪಕ್ಕ ಸೈಕಲ್ ಹಿಡಿದು ನಿಂತಿರುತ್ತಾನೆ. ಮುಖದ ದೃಶ್ಯಗಳಿಗೆಲ್ಲ ತುಳಿಯಲು ಬಾರದ ನಾಯಕನನ್ನು ಸೈಕಲ್ ಸಮೇತ ಗಾಡಿಗೆ ಕಟ್ಟಿ ಎಳೆದರೆಂದು ನೀನೇ ಆಸ್ಪತ್ರೆಯಲ್ಲಿ ಹೇಳಿದ್ದೆ. "ಒಂದೇ ಒಂದು ಸುತ್ತು ಹೊಡೀರಿ ಅಣ್ಣಾ, ಎಲ್ಲರೂ ನೋಡಲಿ" ಎಂದು ನಗುನಗುತ್ತಾ ಕೇಳು. ಕೇಳಿ, ಕುರ್ಚಿ ಹಾಕಿಸಿಕೊಂಡು ಕೂತುಕೋ.